ಲಂಡನ್ನಿನ ಗಲ್ಲಿಯಲ್ಲಿ ಒಂದು ತಿಗರಿ

ಲಂಡನ್ನಿನ ಹೈಡ್ ಪಾರ್ಕಿನ ಪಕ್ಕದಲ್ಲಿ ಆಲ್ಬಿಯನ್ ಮ್ಯೂಸ್ ಎಂಬ ಕಿರುಗಲ್ಲಿಯಿದೆ. ಹಿಂದೆ ಸಿರಿವಂತರ ಕುದುರೆಲಾಯಗಳಿದ್ದ ಜಾಗ. 1939ರಲ್ಲಿ ಅಂಥದೊಂದು ಲಾಯವನ್ನು ಬಾಡಿಗೆಗೆ ಹಿಡಿದ ಲೂಸಿ ರೀ, ಕೆಳಗೆ ತಿಗರಿ ಮತ್ತು ಆವಿಗೆ, ಮೇಲೆ ವಾಸ ಎಂದು ಒಗ್ಗಿಸಿಕೊಂಡು, ಸುಮಾರು ಐವತ್ತು ವರ್ಷ ಅಲ್ಲೇ ಬಟ್ಟಲು, ಹೂಜಿ, ಹೂದಾನಿಗಳನ್ನು ಮಾಡಿದರು. ಇಪ್ಪತ್ತನೆಯ ಶತಮಾನದ ಸ್ಟುಡಿಯೋ ಪಾಟರಿಯನ್ನು ಪರಿಚಯ ಮಾಡಿಕೊಡಲು ನಾನು ಈ ಬಾಗಿಲನ್ನೇ ಆರಿಸಿಕೊಳ್ಳುತ್ತೇನೆ. ಸಾಮಾನ್ಯವಾಗಿ ತಟ್ಟುವ ಬಾಗಿಲು ಬೇರೆ.

ಆ ಇನ್ನೊಂದು ಬಾಗಿಲು ಬರ್ನಾರ್ಡ್ ಲೀಚ್ ಅವರದು. 1887ರಲ್ಲಿ ಹಾಂಗ್‌ಕಾಂಗಿನಲ್ಲಿ ಹುಟ್ಟಿದ ಈ ಇಂಗ್ಲಿಷ್ ಚಿತ್ರಕಾರ ಜಪಾನಿಗೆ ಹೋಗಿ ಅಲ್ಲಿ ಮಣ್ಣಿಗೆ ಮರುಳಾದರು. 1920ರಲ್ಲಿ ಗೆಳೆಯ ಶೋಜಿ ಹಮಾದಾ ಜತೆ ಇಂಗ್ಲೆಂಡಿನ ಕಡಲಂಚಿನ ಸೇಂಟ್ ಐವ್ಸ್ ಊರಿಗೆ ಬಂದು ಕಾರ್ಯಾಗಾರ ತೆರೆದರು. ಇಳಿಜಾರಿನಲ್ಲಿ ಒಂದರ ಮೇಲೊಂದು ಕೋಣೆಗಳು ಏರುವ ಜಪಾನೀ ಮಾದರಿಯ ಆವಿಗೆ ಕಟ್ಟಿದರು. ಆಗ ಇಂಗ್ಲೆಂಡಿನ ಪಿಂಗಾಣಿ ಎಂದರೆ ಸ್ಟಾಫರ್ಡ್‌ಶೈರಿನ ಕಾರ್ಖಾನೆಗಳು. ನಕ್ಷೆ ಬರೆಯುವವರೊಬ್ಬರು, ಅಚ್ಚು ಹಾಕುವವರೊಬ್ಬರು, ಬಣ್ಣ ತುಂಬುವವರೊಬ್ಬರು, ಸುಡುವವರು ಮತ್ತೊಬ್ಬರು. ಲೀಚ್ ಇದಕ್ಕೆ ಎದುರಾಗಿ, ಮಣ್ಣು ಹದ ಮಾಡುವುದರಿಂದ ಆವಿಗೆ ಬಿಚ್ಚುವವರೆಗೂ ಕೆಲಸವೆಲ್ಲ ಮಾಡುವವರ ಕೈಯಲ್ಲೇ ಇರಬೇಕು ಎಂದರು. ನಮ್ಮ ಕುಂಬಾರರ ಮನೆಗಳಲ್ಲಿ ಎಂದೂ ತಪ್ಪದ ಈ ಕ್ರಮ ಕಾರ್ಖಾನೆಗಳ ನಾಡಿನಲ್ಲಿ ಹೊಸ ಮಾತಾಗಿತ್ತು. 1940ರಲ್ಲಿ ಬಂದ ಅವರ ‘ಎ ಪಾಟರ್ಸ್ ಬುಕ್’ ಒಂದಿಡೀ ತಲೆಮಾರಿಗೆ ಕೈಪಿಡಿಯಾಯಿತು.

ಆ ಪುಸ್ತಕದ ಜತೆಗೆ ಒಂದು ಅಭಿರುಚಿಯೂ ಹಬ್ಬಿತು. ಚೀನಾದ ಸಾಂಗ್ ಕಾಲದ, ಕೊರಿಯಾದ, ಜಪಾನಿನ ಪಾತ್ರೆಗಳೇ ಅಳತೆಗೋಲು. ಮೈಕಟ್ಟು ಗಟ್ಟಿಯಾಗಿರಬೇಕು, ಬಣ್ಣ ಕಂದು ಬೂದಿಯ ಸುತ್ತಮುತ್ತ, ಬದುಕು ಆದಷ್ಟು ಹಳ್ಳಿಯಲ್ಲಿ. ಲೂಸಿ ರೀ ಇದರ ಯಾವ ಪಟ್ಟಿಗೂ ಹೊಂದದವರು.

ಅವರು ಹುಟ್ಟಿದ್ದು 1902ರಲ್ಲಿ, ವಿಯೆನ್ನಾದ ಅನುಕೂಲಸ್ಥ ಯಹೂದಿ ಮನೆತನದಲ್ಲಿ. ಅಲ್ಲಿನ ಕಲಾಶಾಲೆಯಲ್ಲಿ ಮೈಕೆಲ್ ಪೊವೊಲ್ನಿ ಅವರ ಬಳಿ ಕಲಿತರು. 1937ರ ಪ್ಯಾರಿಸ್ ಅಂತರರಾಷ್ಟ್ರೀಯ ಪ್ರದರ್ಶನದಲ್ಲಿ ಬೆಳ್ಳಿ ಪದಕ ಬಂತು. ಮರುವರ್ಷ ಹಿಟ್ಲರ್ ಆಸ್ಟ್ರಿಯಾವನ್ನು ನುಂಗಿದ. ಲೂಸಿ ಲಂಡನ್ನಿಗೆ ಬಂದರು; ಪತಿ ಹಾನ್ಸ್ ರೀ ಅಮೆರಿಕಕ್ಕೆ ಹೋದರು; ಮದುವೆ ಅಲ್ಲಿಗೆ ಮುಗಿಯಿತು. ವಾಸ್ತುಶಿಲ್ಪಿ ಅರ್ನ್ಸ್ಟ್ ಪ್ಲಿಶ್ಕೆ ವಿಯೆನ್ನಾದ ಮನೆಗೆಂದು ಮಾಡಿಕೊಟ್ಟಿದ್ದ ಪೀಠೋಪಕರಣಗಳು ಅವರ ಹಿಂದೆಯೇ ಸಾಗಿಬಂದು ಲಾಯದ ಮೇಲಂತಸ್ತಿನಲ್ಲಿ ನೆಲೆಗೊಂಡವು.

ಲಂಡನ್ನಿನಲ್ಲಿ ಅವರ ಹೆಸರು ಯಾರಿಗೂ ಗೊತ್ತಿರಲಿಲ್ಲ. ಪಾತ್ರೆಗಳನ್ನು ನೋಡಿದ ಲೀಚ್ ಅವುಗಳನ್ನು ಮೆಚ್ಚಲಿಲ್ಲ. ತೀರಾ ತೆಳುವಾದವು ಎಂಬುದು ಅವರ ತಕರಾರು. ಅಷ್ಟರಲ್ಲಿ ಯುದ್ಧ ಬಂತು, ಅದರ ಹಿಂದೆ ಅಭಾವ ಬಂತು. ಹೊಟ್ಟೆಪಾಡಿಗೆ ಲೂಸಿ ಗುಂಡಿ ಮಾಡಲು ಕೂತರು, ಕೋಟಿಗೆ, ಉಡುಪಿಗೆ ಹಾಕುವ ಸೆರಾಮಿಕ್ ಗುಂಡಿ. ಅಚ್ಚಿನಲ್ಲಿ ಒತ್ತಿ, ಬಣ್ಣ ಹಚ್ಚಿ, ಸುಟ್ಟು, ದೊಡ್ಡ ಉಡುಪು ತಯಾರಕರಿಗೆ ಒದಗಿಸುವುದು. ತಮ್ಮಂತೆಯೇ ನಾಡು ಬಿಟ್ಟು ಬಂದ ಹಲವರಿಗೆ ಅಲ್ಲಿ ಕೆಲಸ ಕೊಟ್ಟರು.

ಲೂಸಿ ಬಗ್ಗೆ ಬರೆಯುವವರು ಈ ಗುಂಡಿಗಳನ್ನು ಕಷ್ಟಕಾಲದ ಕಥೆಯಾಗಿ ಹೇಳಿ ಮುಂದೆ ಹೋಗುವುದುಂಟು. ನನಗೆ ಅದೇ ಅವರ ಎರಡನೆಯ ಶಾಲೆ ಎನಿಸುತ್ತದೆ. ಬಟ್ಟೆಯ ತುಣುಕು ಕೈಗಿಟ್ಟು ‘ಇದಕ್ಕೆ ಒಪ್ಪುವ ಬಣ್ಣ ಬೇಕು’ ಎಂದರೆ, ಗುಂಡಿಯ ಗ್ಲೇಜ್ ಆ ಬಣ್ಣಕ್ಕೇ ಬರಬೇಕು. ಗ್ಲೇಜ್ ಎಂದರೆ ಬೆಂಕಿಯಲ್ಲಿ ಕರಗಿ ಗಾಜಾಗುವ ಲೇಪ. ಹಚ್ಚುವಾಗ ಒಂದು ಬಣ್ಣ, ಸುಟ್ಟ ಮೇಲೆ ಇನ್ನೊಂದು. ಚಿಟಿಕೆ ತಾಮ್ರವೋ ಕೋಬಾಲ್ಟೋ ಹೆಚ್ಚುಕಮ್ಮಿಯಾದರೆ ಫಲಿತಾಂಶವೇ ಬೇರೆ. ಬೆರಳ ತುದಿಯಗಲದ ಮಣ್ಣಿನ ಮೇಲೆ ಇಷ್ಟು ಪರೀಕ್ಷೆ ಮಾಡಿದ ಕೈಗೆ ಮುಂದೆ ದೊಡ್ಡ ಬಟ್ಟಲಿನ ಮೇಲೆ ಗುಲಾಬಿ, ಕಡುಹಳದಿ, ಕಂಚಿನ ಹೊಳಪು ತರುವ ಧೈರ್ಯ ಬಂದುದು ಆಶ್ಚರ್ಯವಲ್ಲ.

1946ರಲ್ಲಿ ಹಾನ್ಸ್ ಕೋಪರ್ ಎಂಬ ತರುಣ ಈ ಗುಂಡಿಯ ಕೆಲಸ ಕೇಳಿಕೊಂಡೇ ಬಂದರು. ಜರ್ಮನಿಯಿಂದ ತಪ್ಪಿಸಿಕೊಂಡು ಬಂದವರು. ಬ್ರಿಟನ್ ಅವರನ್ನು ಶತ್ರುದೇಶದವರೆಂದು ಬಂಧಿಸಿ ಕೆನಡಾಕ್ಕೆ ಸಾಗಿಸಿತ್ತು. ಶಿಲ್ಪಿಯಾಗುವ ಆಸೆಯಿತ್ತು, ಮಡಕೆಯ ಗಂಧವಿರಲಿಲ್ಲ. ಬೇಗನೆ ತಿಗರಿ ಕೈವಶವಾಯಿತು. ಇಬ್ಬರೂ ಸೇರಿ ಕಾಫಿ ಕಪ್ಪು, ಹಾಲಿನ ಜಗ್ಗು, ಸಲಾಡ್ ಬಟ್ಟಲುಗಳನ್ನು ಮಾಡಿ ಅಂಗಡಿಗಳಿಗೆ ಕೊಟ್ಟರು. ಅವುಗಳ ತಳದಲ್ಲಿ ಇಬ್ಬರ ಮುದ್ರೆಗಳೂ ಅಕ್ಕಪಕ್ಕ ಇರುತ್ತಿದ್ದವು.

ಲೀಚ್ ಮಾತಿಗೆ ಮಣಿದು ಲೂಸಿ ಒಂದಷ್ಟು ಕಾಲ ದಪ್ಪ ಪಾತ್ರೆಗಳನ್ನೂ ಮಾಡಿದ್ದರು. ಬೇಡ, ನಿಮ್ಮ ದಾರಿಗೆ ಮರಳಿ ಎಂದವರು ಈ ಕೋಪರ್. ಲೂಸಿಗಿಂತ ಹದಿನೆಂಟು ವರ್ಷ ಕಿರಿಯರು, ಮಣ್ಣಿಗೆ ಹೊಸಬರು. ಆದರೂ ಆ ಮಾತು ಸರಿಯಾಗಿತ್ತು, ಲೂಸಿ ಕೇಳಿದರು. ಅಲ್ಲಿಂದ ಮುಂದಿನ ಬಟ್ಟಲುಗಳು ಕಿರಿದಾದ ಪಾದದ ಮೇಲೆ ಅಗಲಕ್ಕೆ ಅರಳಿ ನಿಲ್ಲತೊಡಗಿದವು. ಏವ್ಬರಿಯ ಮ್ಯೂಸಿಯಮ್ಮಿನಲ್ಲಿ ಕಂಚಿನ ಯುಗದ ಮಡಕೆಗಳನ್ನೂ ಅವುಗಳಿಗೆ ಗೀರು ಹಾಕಲು ಬಳಸುತ್ತಿದ್ದ ಹಕ್ಕಿಯ ಮೂಳೆಗಳನ್ನೂ ಕಂಡ ಮೇಲೆ, ಕಡುಬಣ್ಣದ ಲೇಪವನ್ನು ಸೂಜಿಯಿಂದ ಕೆರೆದು ಕೂದಲೆಳೆಯಂಥ ಗೆರೆಗಳನ್ನು ಎಳೆದರು.

ಅವರ ಸುಡುವ ಕ್ರಮವೂ ಬೇರೆ. ಸಾಮಾನ್ಯವಾಗಿ ಪಾತ್ರೆಯನ್ನು ಒಮ್ಮೆ ಸುಟ್ಟು, ಗ್ಲೇಜ್ ಹಾಕಿ ಮತ್ತೆ ಸುಡುತ್ತಾರೆ. ಲೂಸಿ ಒಣಗಿದ ಹಸಿಮಣ್ಣಿನ ಮೇಲೇ ಕುಂಚದಿಂದ ಗ್ಲೇಜ್ ಬಳಿದು, ವಿದ್ಯುತ್ ಆವಿಗೆಯಲ್ಲಿ ಸುಮಾರು 1250 ಡಿಗ್ರಿ ಸೆಲ್ಸಿಯಸ್‌ಗೆ ಒಂದೇ ಸಲ ಸುಡುತ್ತಿದ್ದರು. ಇದರಲ್ಲಿ ಅಪಾಯವಿದೆ: ಲೇಪದ ನೀರು ಕುಡಿದು ತೆಳ್ಳನೆಯ ಅಂಚು ಕುಸಿಯಬಹುದು, ಬಿರಿಯಬಹುದು. ಗೆದ್ದರೆ ಮಣ್ಣೂ ಗ್ಲೇಜೂ ಒಟ್ಟಿಗೇ ಬೆಂದು ಒಂದಾಗುತ್ತವೆ, ಬಣ್ಣ ಒಳಗಿನಿಂದಲೇ ಹೊಮ್ಮಿದಂತೆ ಕಾಣುತ್ತದೆ. ಆ ಆವಿಗೆಯ ಬಾಯಿ ಮೇಲ್ಗಡೆಗೆ. 1982ರಲ್ಲಿ ಬಿಬಿಸಿಗಾಗಿ ಡೇವಿಡ್ ಆಟನ್‌ಬರೊ ಬಂದಾಗ, ಎಂಬತ್ತರ ಆ ಪುಟ್ಟ ದೇಹ ತಳದ ಪಾತ್ರೆ ತೆಗೆಯಲು ಆವಿಗೆಯೊಳಗೆ ತಲೆಕೆಳಗಾಗಿ ಬಗ್ಗಿದ್ದನ್ನು ಕ್ಯಾಮೆರಾ ಹಿಡಿದಿದೆ.

ಕೋಪರ್ 1958ರ ಹೊತ್ತಿಗೆ ಸ್ವಂತ ಸ್ಟುಡಿಯೋ ಮಾಡಿಕೊಂಡರು. ತಿಗರಿಯಲ್ಲಿ ತಿರುವಿದ ಭಾಗಗಳನ್ನು ಜೋಡಿಸಿ ನಿಲ್ಲಿಸಿದ ಅವರ ಪಾತ್ರೆಗಳು ಶಿಲ್ಪದ ಅಂಚಿಗೆ ಹೋದವು. ಯುದ್ಧದಲ್ಲಿ ಹಾಳಾಗಿ, ಆ ಅವಶೇಷದ ಪಕ್ಕದಲ್ಲೇ ಹೊಸದಾಗಿ ಎದ್ದ ಕವೆಂಟ್ರಿ ಕ್ಯಾಥೆಡ್ರಲ್ಲಿನಲ್ಲಿ ಅವರ ಆಳೆತ್ತರದ ದೀಪಸ್ತಂಭಗಳಿವೆ. ಸ್ನಾಯುಗಳನ್ನು ಕ್ರಮೇಣ ನಿಶ್ಶಕ್ತಗೊಳಿಸುವ ಕಾಯಿಲೆಯಿಂದ 1981ರಲ್ಲಿ ತೀರಿಕೊಂಡರು. ಲೂಸಿಗೆ 1991ರಲ್ಲಿ ಡೇಮ್ ಗೌರವ ಬಂತು, 1995ರಲ್ಲಿ ಕೊನೆಯುಸಿರು. ಅಷ್ಟರಲ್ಲಿ ಜಪಾನಿನ ವಸ್ತ್ರವಿನ್ಯಾಸಕ ಇಸ್ಸೆ ಮಿಯಾಕೆ ಆ ಯುದ್ಧಕಾಲದ ಗುಂಡಿಗಳನ್ನು ತಮ್ಮ ಉಡುಪುಗಳಿಗೆ ಹೊಲಿದಿದ್ದರು, 1989ರಲ್ಲಿ ಜಪಾನಿನಲ್ಲಿ ಲೂಸಿಯ ಪಾತ್ರೆಗಳ ಪ್ರದರ್ಶನವನ್ನೂ ಏರ್ಪಡಿಸಿದ್ದರು.

ಲೀಚ್ ಪರಂಪರೆ ನಮ್ಮ ದಕ್ಷಿಣಕ್ಕೂ ಬಂದಿದೆ. 1971ರಲ್ಲಿ ಡೆಬೊರಾ ಸ್ಮಿತ್ ಮತ್ತು ರೇ ಮೀಕರ್ ಎಂಬ ಅಮೆರಿಕನ್ನರು ಪುದುಚೇರಿಯಲ್ಲಿ ಗೋಲ್ಡನ್ ಬ್ರಿಡ್ಜ್ ಪಾಟರಿ ಆರಂಭಿಸಿದರು. ಡೆಬೊರಾ ಜಪಾನಿನಲ್ಲಿ ಕಲಿತವರು. ಸರ್ವೆಮರದ ಸೌದೆಯಲ್ಲಿ ಸುಡುವ ಆ ಜಾಗದಲ್ಲಿ ತಯಾರಾದವರು ದೇಶದ ತುಂಬ ಇದ್ದಾರೆ. ಅದು ದೊಡ್ಡ ಕೊಡುಗೆ, ಅನುಮಾನವಿಲ್ಲ. ಆದರೆ ಬೆಂಗಳೂರಿನಲ್ಲಿ ಮನೆಯ ಗ್ಯಾರೇಜಿನಲ್ಲೋ ತಾರಸಿಯಲ್ಲೋ ತಿಗರಿ ಇಟ್ಟುಕೊಂಡವರಿಗೆ ಸೌದೆಯ ಆವಿಗೆ ಕಟ್ಟಲು ಜಾಗವೆಲ್ಲಿ, ಹೊಗೆಗೆ ನೆರೆಯವರ ಒಪ್ಪಿಗೆಯೆಲ್ಲಿ? ಸೌದೆಬೆಂಕಿಯ ಪಾತ್ರೆಯೇ ನಿಜವಾದದ್ದು, ಕರೆಂಟಿನದು ಒಂದು ಮಟ್ಟ ಕೆಳಗೆ ಎಂಬ ಅಳುಕು ಅವರಲ್ಲಿ ಬೇಡ. ಲೂಸಿಯ ಬಟ್ಟಲುಗಳೆಲ್ಲ ಮಹಾನಗರದ ನಡುವಿನಲ್ಲಿ, ಕರೆಂಟಿನಲ್ಲೇ ಬೆಂದವು.

ಲಂಡನ್ನಿಗೆ ಹೋಗುವವರು ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನ ಸೆರಾಮಿಕ್ ಗ್ಯಾಲರಿಗಳನ್ನು ತಪ್ಪಿಸಿಕೊಳ್ಳಬಾರದು. ಲೂಸಿಯ ಸ್ಟುಡಿಯೋವನ್ನು ಅಲ್ಲಿ ಮತ್ತೆ ಜೋಡಿಸಿಟ್ಟಿದ್ದಾರೆ. ಅಲ್ಲಿಂದ ಬ್ರಿಟಿಷ್ ಮ್ಯೂಸಿಯಮ್ಮಿಗೆ ಹೋದರೆ, ದೊಡ್ಡದೊಂದು ಬಿಳಿಯ ಕೊರಿಯನ್ ಜಾಡಿ ಇದೆ. ‘ಚಂದ್ರನ ಜಾಡಿ’ ಎಂದೇ ಹೆಸರು. ಲೀಚ್ 1935ರಲ್ಲಿ ಕೊರಿಯಾದಿಂದ ತಂದಿದ್ದ ಅದನ್ನು ಯುದ್ಧದ ದಿನಗಳಲ್ಲಿ ಲೂಸಿಗೆ ಒಪ್ಪಿಸಿದ್ದರು. ಆಕೆ ಬದುಕಿರುವವರೆಗೂ ಅದು ಆಲ್ಬಿಯನ್ ಮ್ಯೂಸ್‌ನಲ್ಲೇ ಇತ್ತು.