ಕೊಬ್ಬರಿ ಚೀಲ, ಡೆಡ್‌ಲಿಫ್ಟ್ ಮತ್ತು ನನ್ನ ಸೊಂಟ

ನಮ್ಮೂರು ತುರುವೇಕೆರೆ ಹತ್ರ. ಅಲ್ಲಿ ತೆಂಗಿನಕಾಯಿನ ಅಟ್ಟದ ಮೇಲೆ ಹಾಕಿ 8ರಿಂದ 12 ತಿಂಗಳು ಹಾಗೇ ಬಿಡ್ತಾರೆ. ಒಳಗಿನ ನೀರು ಇಂಗಿ ಉಂಡೆ ಕೊಬ್ಬರಿ ಆದ ಮೇಲೆ ಸುಲಿದು, ಚಿಪ್ಪು ಒಡೆದು, ಚೀಲಕ್ಕೆ ತುಂಬಿ ತಿಪಟೂರು ಮಾರ್ಕೆಟ್‌ಗೆ ಒಯ್ಯೋದು. ಕಳೆದ ರಜೆಯಲ್ಲಿ ಅಂಥ ಒಂದು ಚೀಲ ಎತ್ತೋಕೆ ಹೋಗಿ ನನ್ನ ಸೊಂಟ ಹಿಡ್ಕೊಂಡ್ತು. ಆರು ತಿಂಗಳಿಂದ ಜಿಮ್‌ಗೆ ಹೋಗಿ ಲ್ಯಾಟ್ ಪುಲ್‌ಡೌನ್‌ನಲ್ಲಿ 50 ಕೆಜಿ ಎಳೀತಿದ್ದವನು ನಾನು! "ಮೈಗೆ ಹತ್ರ ತಬ್ಕೊಂಡು ಎತ್ತೋ. ಜಿಮ್ಮಲ್ಲಿ ಇದನ್ನೇ ಹೇಳ್ಕೊಡಲ್ವಾ?" ಅಂದ್ರು ಅಪ್ಪ.

ತಪ್ಪು ನನ್ನದೇ. ಬೆನ್ನು ಅಂದ್ರೆ ಒಂದೇ ಸ್ನಾಯು ಅಲ್ಲ. ಅದಕ್ಕೆ ಮುಖ್ಯವಾಗಿ ಮೂರು ಕೆಲಸ ಇದೆ.

1. ಮೇಲಿಂದ ಕೆಳಕ್ಕೆ ಎಳೆಯೋದು: ಪುಲ್-ಅಪ್, ಲ್ಯಾಟ್ ಪುಲ್‌ಡೌನ್. ಕಂಕುಳಿಂದ ಸೊಂಟದವರೆಗೆ ಹರಡಿರೋ ಲ್ಯಾಟ್ ಸ್ನಾಯು ಇದಕ್ಕೆ. ತೆಂಗಿನ ಮರ ಹತ್ತೋರನ್ನ ನೋಡಿದ್ರೆ ಗೊತ್ತಾಗುತ್ತೆ.

2. ಮುಂದಿನಿಂದ ಎದೆ ಕಡೆ ಎಳೆಯೋದು: ರೋಯಿಂಗ್. ಎರಡು ಹೆಗಲ ಮೂಳೆಗಳ ನಡುವಿನ ಸ್ನಾಯುಗಳು ಇಲ್ಲಿ ಜಾಸ್ತಿ ದುಡಿಯುತ್ತವೆ.

3. ಬಾಗಿ ಎತ್ತೋದು: ಡೆಡ್‌ಲಿಫ್ಟ್, ಬ್ಯಾಕ್ ಎಕ್ಸ್‌ಟೆನ್ಷನ್. ಬೆನ್ನುಮೂಳೆಯ ಅಕ್ಕಪಕ್ಕದ ಸ್ನಾಯು, ಪೃಷ್ಠ, ತೊಡೆಯ ಹಿಂಭಾಗ ಎಲ್ಲಾ ಸೇರಿ ಮಾಡೋ ಕೆಲಸ.

ನಾನು ಮೊದಲನೇದನ್ನ ಮಾತ್ರ ಮಾಡಿ ಮೂರನೇದರ ಪರೀಕ್ಷೆಗೆ ಕೂತಿದ್ದೆ.

ಈಗ ಫಸ್ಟ್ ಸೆಮ್ ಮೆಕ್ಯಾನಿಕ್ಸ್ ನೆನಪಿಸ್ಕೊಳ್ಳಿ. ಚೀಲ 40 ಕೆಜಿ ಅಂತ ಇಟ್ಕೊಳ್ಳಿ, ಅಂದ್ರೆ ಸುಮಾರು 400 ನ್ಯೂಟನ್. ಅದು ಸೊಂಟದಿಂದ 50 ಸೆಂ.ಮೀ. ಮುಂದೆ ಇದ್ರೆ ಮೊಮೆಂಟ್ 200 ನ್ಯೂಟನ್-ಮೀಟರ್. ಅದನ್ನ ತಡೆಯೋ ಬೆನ್ನಿನ ಸ್ನಾಯು ಬೆನ್ನುಮೂಳೆಯಿಂದ ಸುಮಾರು 5 ಸೆಂ.ಮೀ. ದೂರದಲ್ಲಷ್ಟೇ ಇದೆ. ಹಾಗಾಗಿ ಅದು 4000 ನ್ಯೂಟನ್ ಬಲ ಹಾಕಬೇಕು, ಅಂದ್ರೆ ಸುಮಾರು 400 ಕೆಜಿ ಭಾರದಷ್ಟು! ಚೀಲವನ್ನ 25 ಸೆಂ.ಮೀ.ಗೆ ತಂದ್ರೆ ಇದು ಅರ್ಧ ಆಗುತ್ತೆ. ನಮ್ಮ ಮೇಲ್ಮೈ ತೂಕದ ಲೆಕ್ಕ ಬೇರೆ. ಡೆಡ್‌ಲಿಫ್ಟ್‌ನಲ್ಲಿ ಬಾರ್ ಕಾಲಿಗೆ ತಾಗೋ ಹಾಗೆ ಇರಲಿ ಅನ್ನೋದೂ, ಅಪ್ಪ ಹೇಳಿದ್ದೂ ಒಂದೇ ಮಾತು.

ಹಾಗಾದ್ರೆ ಯಾವುದನ್ನ ಆರಿಸ್ಕೊಳ್ಳೋದು? ಐದಾರು ವ್ಯಾಯಾಮ ಬೇಡ. ಮೂರೂ ಕೆಲಸಕ್ಕೆ ಒಂದೊಂದು ಸಾಕು.

ಪುಲ್-ಅಪ್ ಒಂದೂ ಬರಲ್ವಾ? ಸ್ಟೂಲ್ ಹತ್ತಿ ಮೇಲಿನಿಂದ ಶುರು ಮಾಡಿ, ನಾಲ್ಕೈದು ಸೆಕೆಂಡ್ ತಗೊಂಡು ನಿಧಾನಕ್ಕೆ ಇಳೀರಿ. ಅಥವಾ ಪುಲ್‌ಡೌನ್ ಮಾಡಿ.

ಡೆಡ್‌ಲಿಫ್ಟ್ ಮಾಡೋ ದಿನವೇ ಬಾಗಿ ನಿಂತು ಬಾರ್ಬೆಲ್ ರೋ ಮಾಡಿದ್ರೆ ಸೊಂಟಕ್ಕೆ ಡಬಲ್ ಡ್ಯೂಟಿ. ಆವತ್ತು ಒಂದು ಕೈನ ಬೆಂಚ್ ಮೇಲೆ ಊರಿ ಡಂಬೆಲ್ ರೋ ಮಾಡಿ.

ಡೆಡ್‌ಲಿಫ್ಟ್ ಹೊಸದಾದ್ರೆ ಕಡಿಮೆ ತೂಕದಲ್ಲಿ ಶುರು ಮಾಡಿ. ಬೆನ್ನು ಗೂನಾಗೋಕೆ ಶುರುವಾದ್ರೆ ಅಲ್ಲಿಗೇ ಸೆಟ್ ನಿಲ್ಲಿಸಿ. ನೋವು ಕಾಲಿಗೆ ಇಳೀತಿದ್ರೆ ವ್ಯಾಯಾಮ ಬಿಟ್ಟು ಡಾಕ್ಟರ್ ಹತ್ರ ಹೋಗಿ.

ನಾನೀಗ 30 ಕೆಜಿಯಿಂದ ಡೆಡ್‌ಲಿಫ್ಟ್ ಕಲೀತಿದೀನಿ. ಪಕ್ಕದಲ್ಲಿ 100 ಎತ್ತೋನು ನಗ್ತಾನೆ, ನಗಲಿ. ನನ್ನ ಎಕ್ಸಾಮ್ ಮುಂದಿನ ರಜೆಯಲ್ಲಿ, ಅಪ್ಪನ ಮುಂದೆ.