ಪೆಟ್ಟಿಗೆಯ ಕೊನೆಯುಸಿರು

ಯರಗಟ್ಟಿ ಸರ್ಕಲ್‌ನಲ್ಲಿ ಬಸ್ಸಿಳಿದರೆ ನಾಲ್ಕೂ ದಿಕ್ಕಿಗೆ ದಾರಿ: ಬೆಳಗಾವಿ, ಲೋಕಾಪುರ, ಗೋಕಾಕ, ಮುನವಳ್ಳಿ ದಾಟಿದರೆ ಸವದತ್ತಿ. ಕಬ್ಬಿನ ಟ್ರ್ಯಾಕ್ಟರು, ಎಲ್ಲಮ್ಮನ ಗುಡ್ಡಕ್ಕೆ ಹೊರಟ ಗಾಡಿ ಎಲ್ಲವೂ ಇಲ್ಲೇ ಹಾಯುತ್ತವೆ. ಮೊದಲು ಸವದತ್ತಿಗೆ ಸೇರಿದ್ದ ಊರು ಈಗ ತಾನೇ ತಾಲೂಕು ಕೇಂದ್ರ. ಕಚೇರಿಯಲ್ಲಿ ಹೊಲದ ಉತಾರ ಬೇಕಾದರೂ ನೆಟ್ ಇರಬೇಕು. ಅದು ಕೈಕೊಟ್ಟ ದಿನ ಹಳ್ಳಿಯಿಂದ ಬಂದವರ ಪಗಾರವೂ ಹೋಯಿತು, ಕೆಲಸವೂ ಉಳಿಯಿತು.

ಮುನವಳ್ಳಿ ರಸ್ತೆಗೆ ಹೊರಳಿ, ಇಂಟರ್ನೆಟ್ ಕೊಡುವ ಒಂದು ಸಣ್ಣ ಅಂಗಡಿ ಹೊಕ್ಕೆ. 'ಬರ್ರಿ, ಒಳಗ ಬರ್ರಿ' ಎಂದ ಹುಡುಗ ಮೊದಲು ತೋರಿಸಿದ್ದು ಗೋಡೆಯ ಕಪಾಟು. ಅದರಲ್ಲಿ ಓಎಲ್‌ಟಿ ಎಂಬ ಯಂತ್ರ, ಕೆಳಗೆ ಬ್ಯಾಟರಿ. ಓಎಲ್‌ಟಿಯಿಂದ ಹೊರಟ ಗಾಜಿನ ಎಳೆ, ಅಂದರೆ ಫೈಬರ್, ಸ್ಪ್ಲಿಟರ್‌ಗಳಲ್ಲಿ ಕವಲೊಡೆದು ಮನೆಮನೆಯ ಓಎನ್‌ಟಿ ಪೆಟ್ಟಿಗೆ ಮುಟ್ಟುತ್ತದೆ. 2011ರಲ್ಲಿ ಕೇಂದ್ರ ಸರ್ಕಾರ ಒಪ್ಪಿದ, ಮುಂದೆ ಭಾರತ್‌ನೆಟ್ ಎನಿಸಿಕೊಂಡ ಯೋಜನೆ ಗ್ರಾಮ ಪಂಚಾಯಿತಿಗಳಿಗೆ ಒಯ್ದದ್ದೂ ಜಿಪಾನ್ ಎಂಬ ಇದೇ ತಂತ್ರ.

ಮೇಜಿನ ಮೇಲಿನ ಪರದೆಯಲ್ಲಿ ಪೆಟ್ಟಿಗೆಗಳ ಪಟ್ಟಿ, ಬಹುಪಾಲು ಹಸಿರು. ಸ್ವಲ್ಪ ಸ್ವಲ್ಪ ಹೊತ್ತಿಗೆ ಕಂಪ್ಯೂಟರು ಈ ಸಾಧನಗಳಿಗೆ 'ಇದ್ದೀಯಾ?' ಎಂದು ಪಿಂಗ್ ಕಳಿಸುತ್ತದೆ. 'ಇದ್ದೇನೆ' ಎಂಬ ಉತ್ತರ ಎಷ್ಟು ಹೊತ್ತಿಗೆ ಬಂತೆಂದು ಬರೆದಿಡುತ್ತದೆ. ಮೈಕ್ ಮ್ಯೂಸ್ 1983ರಲ್ಲಿ ಬರೆದ ಪುಟ್ಟ ಪ್ರೋಗ್ರಾಂ ಈ ಪಿಂಗ್. ಸಾಧನ ಬದುಕಿದೆಯೆಂದು ತಿಳಿದರೆ ಸಾಲದು, ಹೇಗಿದೆಯೆಂದೂ ತಿಳಿಯಬೇಕು. ಅದಕ್ಕೆ ಎಸ್‌ಎನ್‌ಎಂಪಿ: ಸಾಧನದ ಬಿಸಿ, ದಟ್ಟಣೆ, ದೋಷಗಳನ್ನು ಕೇಳಿ ತಿಳಿಯುವ ಭಾಷೆ. ಕೆಟ್ಟದ್ದೇನಾದರೂ ಆದರೆ ಸಾಧನ ತಾನಾಗಿಯೇ ಕಳಿಸುವ ದೂರಿಗೆ 'ಟ್ರ್ಯಾಪ್' ಎನ್ನುತ್ತಾರೆ.

ಮಾತಾಡುತ್ತಿದ್ದಂತೆ ಒಂದು ಸಾಲು ಕೆಂಪಾಯಿತು. 'ಇದು ಕರೆಂಟ್ ಹೋಗಿದ್ದು ನೋಡ್ರಿ, ಫೈಬರಿಗೆ ಏನೂ ಆಗಿಲ್ಲ.' ಹೇಗೆ ಗೊತ್ತು? ವಿದ್ಯುತ್ ನಿಂತ ಕ್ಷಣದಲ್ಲಿ, ಒಳಗೆ ಉಳಿದ ಚೂರು ಶಕ್ತಿಯಿಂದ ಪೆಟ್ಟಿಗೆ ಕೊನೆಯದೊಂದು ಸಂದೇಶ ಕಳಿಸಿ ಆರುತ್ತದೆ. ಅದಕ್ಕೆ ಇಟ್ಟ ಹೆಸರೇ 'ಡೈಯಿಂಗ್ ಗ್ಯಾಸ್ಪ್', ಕೊನೆಯುಸಿರು. ಆ ಉಸಿರೂ ಇಲ್ಲದೆ ಬೆಳಕೇ ನಿಂತರೆ ಫೈಬರಿನ ಮೇಲೆ ಸಂಶಯ. ಒಂದೇ ಕವಲಿನ ಹಲವು ಪೆಟ್ಟಿಗೆ ಒಟ್ಟಿಗೆ ಹಾಗಾದರೆ, ಎಲ್ಲೋ ಜೆಸಿಬಿ ತಾಗಿರಬೇಕು.

ದೂರದ ಪೆಟ್ಟಿಗೆಯೊಳಗೆ ಹೋಗಿ ಸರಿಪಡಿಸುವುದು ಎಸ್‌ಎಸ್‌ಎಚ್‌ನಿಂದ. ಹಳೆಯ ಟೆಲ್ನೆಟ್ ಪಾಸ್‌ವರ್ಡನ್ನು ಬಯಲಲ್ಲೇ ಒಯ್ಯುತ್ತಿತ್ತು. ಫಿನ್‌ಲೆಂಡಿನ ವಿಶ್ವವಿದ್ಯಾಲಯವೊಂದರ ಜಾಲದಲ್ಲಿ ಪಾಸ್‌ವರ್ಡ್‌ಗಳು ಕಳುವಾದ ಮೇಲೆ, 1995ರಲ್ಲಿ ಟಾಟು ಯ್ಲೋನೆನ್ ಈ ಮುಚ್ಚಿದ ದಾರಿ ಕಟ್ಟಿದರು. ದಾರಿ ಭದ್ರವಾದರೂ ಕಾರ್ಖಾನೆಯ ಪಾಸ್‌ವರ್ಡ್ ಹಾಗೇ ಉಳಿದರೆ ಬಾಗಿಲಿಗೆ ಕೀಲಿ ಹಾಕಿ ಕೀಲಿಕೈಯನ್ನು ಅಲ್ಲೇ ಬಿಟ್ಟುಬಂದಂತೆ. ನಾವು ಮನೆಯಲ್ಲಿಟ್ಟ ರೌಟರಿಗೂ ಈ ಮಾತು ಸಲ್ಲುತ್ತದೆ, ಅದರ ಪಾಸ್‌ವರ್ಡನ್ನು ಇವತ್ತೇ ಬದಲಿಸಿಬಿಡಿ.

ಸಂಜೆಗೆ ಐದಾರು ಸಾಲು ಒಟ್ಟಿಗೆ ಕೆಂಪಾದವು, ಉಸಿರಿನ ಸುಳಿವಿಲ್ಲ. ಹುಡುಗ ಓಟಿಡಿಆರ್ ಎಂಬ ಅಳತೆಯ ಸಾಧನ ಜೋಡಿಸಿದ. ಅದು ಕಳಿಸಿದ ಬೆಳಕು ಹೊರಳಿ ಬಂದ ಹೊತ್ತಿನಿಂದ, ಎಳೆ ಎಷ್ಟು ದೂರದಲ್ಲಿ ತುಂಡಾಗಿದೆಯೆಂದು ತಿಳಿಯಿತು. ಕಂಬಗಳಲ್ಲಿ ಸುರುಳಿ ಸುತ್ತಿಟ್ಟ ಕೇಬಲ್ಲಿನ ಅಳತೆ ಕಳೆದು, ಸ್ಪ್ಲೈಸಿಂಗ್ ಯಂತ್ರದ ಚೀಲವನ್ನು ಬೈಕಿಗೆ ಕಟ್ಟಿದ. ಕಪ್ಪು ನೆಲದ ಹಸಿಯಲ್ಲಿ ಕೂತು ಎಳೆ ಬೆಸೆಯಲು ಮನುಷ್ಯನೇ ಹೋಗಬೇಕು. ಆದರೆ ಕತ್ತಲಲ್ಲಿ ಕಂಬ ಕಂಬ ತಡಕುತ್ತ ಹೋಗಬೇಕಿಲ್ಲ. ಯಾವ ಕಂಬದ ಬುಡದಲ್ಲಿ ಗಾಡಿ ನಿಲ್ಲಿಸಬೇಕೆಂದು ಅವನಿಗೆ ಗೊತ್ತಿತ್ತು.