ಸ್ಯಾಂಥೋಮ್ ಚರ್ಚನ್ನು ಕೆಡವಿದ್ದು ಯುದ್ಧವಾ? ನನ್ನದೇ ಮಾತಿಗೆ ಒಂದು ತಿದ್ದುಪಡಿ

ಇವತ್ತಿನ ಮಾತು ಶುರು ಮಾಡೋ ಮುಂಚೆ ಒಂದು ತಪ್ಪೊಪ್ಪಿಗೆ.

ಹಳೇ ಮದ್ರಾಸಿನ ಬಗ್ಗೆ ಹಿಂದೊಮ್ಮೆ ಮಾತಾಡುವಾಗ ಸ್ಯಾಂಥೋಮ್ ಕ್ಯಾಥೆಡ್ರಲ್ ಬಗ್ಗೆ ಎರಡೇ ವಾಕ್ಯ ಹೇಳಿ ಮುಂದಕ್ಕೆ ಹೋಗಿದ್ದೆ. "ಪೋರ್ಚುಗೀಸರು ಕಟ್ಟಿದ ಚರ್ಚು. ಯುದ್ಧದಲ್ಲಿ ಹಾಳಾಯ್ತು, ಇಂಗ್ಲಿಷರ ಕಾಲದಲ್ಲಿ ಮತ್ತೆ ಕಟ್ಟಿದರು." ಕೇಳೋಕೆ ಸರಿಯಾಗೇ ಇದೆ, ಅಲ್ವಾ? ನನಗೂ ಹಾಗೇ ಅನ್ನಿಸಿತ್ತು. ಆಮೇಲೆ ಒಂದು ದಿನ ಇಸವಿಗಳನ್ನು ಒಂದರ ಕೆಳಗೊಂದು ಬರೆದುಕೊಂಡೆ, ಲೆಕ್ಕ ಕೂಡಲಿಲ್ಲ. ಆ ಊರಿನ ಮೇಲೆ ದೊಡ್ಡ ಮುತ್ತಿಗೆ ನಡೆದು ಮುಗಿದದ್ದು 1674ರಲ್ಲಿ. ಹಳೇ ಚರ್ಚನ್ನು ಕೆಡವಿದ್ದು 1893ರಲ್ಲಿ. ನಡುವೆ 219 ವರ್ಷ! ಯುದ್ಧದಲ್ಲಿ ಬಿದ್ದ ಕಟ್ಟಡ ಇನ್ನೂರು ವರ್ಷ ನಿಂತಿರೋದು ಹೇಗೆ?

ಹಾಗಾದ್ರೆ ಯುದ್ಧ ಅಲ್ಲಿ ಕೆಡವಿದ್ದು ಏನನ್ನು? ಇವತ್ತು ಅದನ್ನೇ ನೋಡೋಣ. ಇದರಲ್ಲಿ ನಮ್ಮ ಹಂಪಿಯವರೂ ಬರ್ತಾರೆ, ಶ್ರೀರಂಗಪಟ್ಟಣದವರೂ ಬರ್ತಾರೆ.

ಮೊದಲು ಜಾಗ ನೋಡಿ

ಚೆನ್ನೈನ ಮರೀನಾ ಬೀಚಿನಲ್ಲಿ ಲೈಟ್‌ಹೌಸ್ ಇದೆಯಲ್ಲ, ಅದನ್ನು ದಾಟಿ ದಕ್ಷಿಣಕ್ಕೆ ಸ್ವಲ್ಪ ದೂರ ಹೋದರೆ ಎಡಗಡೆ ಬೆಳ್ಳಗೆ, ಎತ್ತರಕ್ಕೆ ಕಾಣೋದೇ ಸ್ಯಾಂಥೋಮ್ ಕ್ಯಾಥೆಡ್ರಲ್. ಹಿಂದೆ ಸಮುದ್ರ. ಗೋಪುರದ ಎತ್ತರ ಸುಮಾರು 155 ಅಡಿ. ಯೇಸುವಿನ ಹನ್ನೆರಡು ಶಿಷ್ಯರಲ್ಲಿ ಒಬ್ಬರಾದ ಸಂತ ತೋಮಾ ಅವರ ಸಮಾಧಿ ಇಲ್ಲಿದೆ ಅನ್ನೋದು ಕ್ರೈಸ್ತರ ನಂಬಿಕೆ. ಪೋರ್ಚುಗೀಸ್ ಭಾಷೆಯಲ್ಲಿ ಅವರ ಹೆಸರು ಸಾವೊ ತೊಮೆ. ಅದೇ ಮುಂದೆ ಸ್ಯಾಂಥೋಮ್ ಆಯ್ತು.

ಇದು ಪೋರ್ಚುಗೀಸರು ಬಂದ ಮೇಲೆ ಹುಟ್ಟಿದ ನಂಬಿಕೆ ಅಲ್ಲ. 13ನೇ ಶತಮಾನದ ಕೊನೆಯಲ್ಲಿ ಈ ಕಡೆ ಬಂದ ಮಾರ್ಕೊ ಪೋಲೊ ಕೂಡ ಸಂತ ತೋಮಾ ಸಮಾಧಿ ಬಗ್ಗೆ, ಅಲ್ಲಿಗೆ ಬರುತ್ತಿದ್ದ ಯಾತ್ರಿಕರ ಬಗ್ಗೆ ಬರೆದಿದ್ದಾನೆ. ಪೋರ್ಚುಗೀಸರು ಇಲ್ಲಿ ನೆಲೆಯೂರಿ, ಸಮಾಧಿ ಅಗೆದು ನೋಡಿ, ಚರ್ಚು ಎಬ್ಬಿಸಿದ್ದು 1520ರ ದಶಕದಲ್ಲಿ. ಸುತ್ತ ಒಂದು ಪೇಟೆ ಬೆಳೀತು. 1545ರಲ್ಲಿ ಸಂತ ಫ್ರಾನ್ಸಿಸ್ ಕ್ಸೇವಿಯರ್ ಬಂದು ಕೆಲವು ತಿಂಗಳು ಇದ್ದರು. 1606ರಲ್ಲಿ ಪೋಪ್ ಐದನೇ ಪಾಲ್ ಈ ಊರಿಗೆ ಪ್ರತ್ಯೇಕ ಧರ್ಮಪ್ರಾಂತ್ಯ ಕೊಟ್ಟರು. ಬಿಷಪ್ಪರ ಪೀಠ ಎಲ್ಲಿರುತ್ತೋ ಆ ಚರ್ಚು ಕ್ಯಾಥೆಡ್ರಲ್. ಹಾಗಾಗಿ ಅವತ್ತಿನಿಂದ ಇದು ಕ್ಯಾಥೆಡ್ರಲ್.

ಗಮನಿಸಿ, ಆಗ ಮದ್ರಾಸ್ ಅನ್ನೋ ಇಂಗ್ಲಿಷರ ಊರೇ ಇರಲಿಲ್ಲ. ಅವರಿಗೆ ಜಾಗ ಸಿಕ್ಕಿದ್ದು 1639ರಲ್ಲಿ, ಸೇಂಟ್ ಜಾರ್ಜ್ ಕೋಟೆ ಶುರುವಾಗಿದ್ದು 1640ರಲ್ಲಿ, ಅದೂ ಸ್ಯಾಂಥೋಮಿನಿಂದ ಐದಾರು ಕಿಲೋಮೀಟರ್ ಉತ್ತರಕ್ಕೆ. ಇವತ್ತು ಸ್ಯಾಂಥೋಮ್ ಚೆನ್ನೈನ ಒಂದು ಬಡಾವಣೆ. ಅವತ್ತು ಸ್ಯಾಂಥೋಮೇ ಊರು, ಮದ್ರಾಸ್ ಪಕ್ಕದ ಹೊಸ ಅಂಗಡಿ.

ಹಂಪಿಯಿಂದ ಬಂದ ದಂಡು

ಮೊದಲ ಪೆಟ್ಟು ಬಿದ್ದದ್ದು ವಿಜಯನಗರದಿಂದ. 1559ರ ಸುಮಾರಿಗೆ ಅಳಿಯ ರಾಮರಾಯ ಸೈನ್ಯ ತಗೊಂಡು ಸ್ಯಾಂಥೋಮಿಗೆ ಬಂದ. ಯಾಕೆ? ಪೋರ್ಚುಗೀಸ್ ಪಾದ್ರಿಗಳು ಕಡಲ ತೀರದಲ್ಲಿ ದೇವಸ್ಥಾನಗಳನ್ನು ಕೆಡವುತ್ತಿದ್ದಾರೆ ಅಂತ ದೂರು ಹೋಗಿತ್ತು. ಇದನ್ನು ಬರೆದಿಟ್ಟವನು ಪೋರ್ಚುಗೀಸರದೇ ಇತಿಹಾಸಕಾರ ದಿಯೋಗೊ ದೊ ಕೌಟೊ. ರಾಮರಾಯ ಊರಿನ ಮೇಲೆ ಒಂದು ಲಕ್ಷ ವರಹ ದಂಡ ಹಾಕಿದ. ಅದು ಪೂರ್ತಿ ಬರೋವರೆಗೂ ಊರಿನ ಕೆಲವು ದೊಡ್ಡ ಮನುಷ್ಯರನ್ನು ಒತ್ತೆಯಾಳುಗಳಾಗಿ ಕರೆದುಕೊಂಡು ಹೋದ. ಊರಿಗೆ ಬೆಂಕಿ ಹಚ್ಚಲಿಲ್ಲ, ಚರ್ಚನ್ನು ನೆಲಸಮ ಮಾಡಲಿಲ್ಲ. ದುಡ್ಡು ತಗೊಂಡು ವಾಪಸ್ ಹೋದ.

ದೂರಿನಲ್ಲಿ ನಿಜ ಇತ್ತಾ? ಮೈಲಾಪುರದ ಕಪಾಲೀಶ್ವರ ದೇವಸ್ಥಾನ ಮೊದಲು ಕಡಲ ದಂಡೆಯಲ್ಲೇ ಇತ್ತು, ಈಗ ಇರೋದು ಆಮೇಲೆ ಒಳಗಡೆ ಕಟ್ಟಿದ್ದು ಅನ್ನೋದು ಊರಿನವರ ನೆನಪು. ಸ್ಯಾಂಥೋಮ್ ಚರ್ಚಿನ ಆವರಣದಲ್ಲಿ ದೇವಸ್ಥಾನಕ್ಕೆ ಸೇರಿದ ತಮಿಳು ಶಾಸನಗಳ ತುಂಡುಗಳು ಸಿಕ್ಕಿರೋದು ಇದಕ್ಕೆ ಪುಷ್ಟಿ ಕೊಡುತ್ತೆ. ಚರ್ಚಿನ ಕಥೆ ಹೇಳುವಾಗ ಇದನ್ನು ನುಂಗಿಕೊಂಡು ಹೇಳಬಾರದು. ಹಾಗೇ ಇದೊಂದನ್ನೇ ಹಿಡಿದುಕೊಂಡು ಉಳಿದ ಮುನ್ನೂರು ವರ್ಷ ಮರೆಯಲೂಬಾರದು.

ಎರಡು ವರ್ಷದ ಮುತ್ತಿಗೆ

ಈಗ ಮುಖ್ಯ ಭಾಗಕ್ಕೆ ಬರ್ತೀನಿ. 1662ರಲ್ಲಿ ಗೋಲ್ಕೊಂಡದ ಕುತುಬ್‌ಶಾಹಿ ಸೈನ್ಯ ಸ್ಯಾಂಥೋಮನ್ನು ಪೋರ್ಚುಗೀಸರಿಂದ ಕಿತ್ತುಕೊಳ್ತು. ಸಾಕಷ್ಟು ಜನ ಪೋರ್ಚುಗೀಸರು ಗಂಟುಮೂಟೆ ಕಟ್ಟಿಕೊಂಡು ಇಂಗ್ಲಿಷರ ಮದ್ರಾಸಿಗೆ ಬಂದರು.

ಹತ್ತು ವರ್ಷ ಆದಮೇಲೆ, 1672ರ ಜುಲೈನಲ್ಲಿ, ಫ್ರಾನ್ಸಿನ ಹದಿನಾಲ್ಕನೇ ಲೂಯಿಯ ಹಡಗುಗಳು ಬಂದವು. ನಾಯಕ ದ ಲಾ ಹೇ. ಅವನು ಒಂದೇ ಏಟಿಗೆ ಊರು ಹಿಡಿದುಬಿಟ್ಟ. ಹಿಡಿಯೋದು ಸುಲಭ ಆಯ್ತು, ಉಳಿಸಿಕೊಳ್ಳೋದು ಕಷ್ಟ ಆಯ್ತು. ನೆಲದ ಕಡೆಯಿಂದ ಗೋಲ್ಕೊಂಡದ ಸೈನ್ಯ ಸುತ್ತುವರಿಯಿತು. ಅದೇ ವರ್ಷ ಯೂರೋಪಿನಲ್ಲಿ ಫ್ರಾನ್ಸಿಗೂ ಹಾಲೆಂಡಿಗೂ ಯುದ್ಧ ಹತ್ತಿಕೊಂಡಿತ್ತು. ಹಾಗಾಗಿ ಸಮುದ್ರದ ಕಡೆಯಿಂದ ಡಚ್ಚರು ಬಂದರು. ಮಧ್ಯದಲ್ಲಿ ಈ ಸಣ್ಣ ಊರು.

ತಿರುವಲ್ಲಿಕ್ಕೇಣಿಯ ಪಾರ್ಥಸಾರಥಿ ದೇವಸ್ಥಾನ ಗೊತ್ತಲ್ಲ? ಈ ಜಗಳದಲ್ಲಿ ಅದನ್ನೂ ಸೈನಿಕರು ಠಾಣೆ ಮಾಡಿಕೊಂಡಿದ್ದರು. ಗಟ್ಟಿ ಕಲ್ಲಿನ ಗೋಡೆ ಇರೋ ಕಟ್ಟಡ ಅಂದರೆ ಸೈನಿಕರ ಕಣ್ಣಿಗೆ ಅದು ಕೋಟೆಯೇ. ಒಳಗಿರೋ ದೇವರು ಯಾರು ಅಂತ ಯಾರು ಕೇಳ್ತಾರೆ?

ದ ಲಾ ಹೇ ಎರಡು ವರ್ಷಕ್ಕೂ ಮೇಲೆ ಹಿಡಿದುಕೊಂಡ. ಕೊನೆಗೆ 1674ರ ಸೆಪ್ಟೆಂಬರಿನಲ್ಲಿ ಶರಣಾದ. ಈ ಸೋಲಿನಿಂದ ಹುಟ್ಟಿದ ಇನ್ನೊಂದು ಊರು ನಿಮಗೆಲ್ಲ ಗೊತ್ತಿದೆ. ಸ್ಯಾಂಥೋಮ್ ಕೈತಪ್ಪಿದ ಮೇಲೆ ಫ್ರಾಂಸ್ವಾ ಮಾರ್ತಾಂ ಕೈಯಲ್ಲಿ ಫ್ರೆಂಚರ ಮುಖ್ಯ ನೆಲೆಯಾಗಿ ಬೆಳೆದದ್ದು ಪುದುಚೇರಿ. ಸ್ಯಾಂಥೋಮ್ ಅವರ ಕೈಯಲ್ಲೇ ಉಳಿದಿದ್ದರೆ ನಾವು ವೀಕೆಂಡಿಗೆ ಫ್ರೆಂಚ್ ಬೀದಿ ನೋಡೋಕೆ ಮೈಲಾಪುರಕ್ಕೆ ಹೋಗ್ತಿದ್ದೆವೋ ಏನೋ!

ಎರಡು ವರ್ಷ ಮುತ್ತಿಗೆಯಲ್ಲಿದ್ದ ಊರಿನಲ್ಲಿ ಯಾವ ಕಟ್ಟಡವೂ ಪೂರ್ತಿ ನೋವಿಲ್ಲದೆ ಉಳಿಯೋದಿಲ್ಲ. ಆದರೂ ಕ್ಯಾಥೆಡ್ರಲ್ ನಿಂತಿತು, ಬಿಷಪ್ ಪೀಠವೂ ಉಳೀತು. ಹೋದದ್ದು ಊರಿನ ಕೋಟೆಗೋಡೆ. ಅದು ಬಿದ್ದದ್ದು ಯಾವಾಗ ಅಂತ ನೋಡಿ. ಮುತ್ತಿಗೆ ಮುಗಿದ ಮೇಲೆ! ಫ್ರೆಂಚರು ಹೊರಟುಹೋದ ಮೇಲೆ ಊರು ಗೋಲ್ಕೊಂಡಕ್ಕೆ ವಾಪಸ್ ಬಂತು. ಇನ್ನೊಬ್ಬರು ಬಂದು ಸೇರಿಕೊಳ್ಳಬಾರದು ಅಂತ ಗೋಡೆಗಳನ್ನು ಕೆಡವೋಕೆ ಶುರು ಮಾಡಿದರು. ಕೆಡವಿ ಅಂತ ಒತ್ತಾಯ ಮಾಡಿದವರಲ್ಲಿ ಪಕ್ಕದ ಮದ್ರಾಸಿನ ಇಂಗ್ಲಿಷರೂ ಇದ್ದರು. ಅವರಿಗೆ ಅದು ಪ್ರತಿಸ್ಪರ್ಧಿ ಊರು ತಾನೇ? ಗೋಡೆ ಇಲ್ಲದ ಊರಲ್ಲಿ ವ್ಯಾಪಾರಿ ನಿಲ್ಲೋದಿಲ್ಲ, ಗೋಡೆ ಇರೋ ಕಡೆ ಹೋಗ್ತಾನೆ. ಕ್ಯಾಥೆಡ್ರಲ್ ಉಳೀತು, ಅದರ ಸುತ್ತ ಇದ್ದ ಪಟ್ಟಣ ಕರಗಿಹೋಯ್ತು.

ನಿಜವಾಗಿ ಕೆಡವಿದ ಚರ್ಚು ಬೇರೆ

ಮದ್ರಾಸಿನಲ್ಲಿ ಯುದ್ಧದ ಕಾರಣಕ್ಕೆ ನೆಲಸಮ ಆದ ಕ್ಯಾಥೊಲಿಕ್ ಚರ್ಚು ಒಂದಿತ್ತು. ಅದು ಇಂಗ್ಲಿಷರ ಕೋಟೆಯ ಒಳಗೇ ಇತ್ತು.

1642ರಲ್ಲಿ ಫಾದರ್ ಎಫ್ರೆಮ್ ಅನ್ನೋ ಫ್ರೆಂಚ್ ಕಪುಚಿನ್ ಸನ್ಯಾಸಿ ಮದ್ರಾಸಿಗೆ ಬಂದರು. ಕೋಟೆಯಲ್ಲಿದ್ದ ಕ್ಯಾಥೊಲಿಕರಿಗೆ ಪಾದ್ರಿ ಬೇಕಿತ್ತು, ಇಂಗ್ಲಿಷರು ಅವರನ್ನು ಇಟ್ಟುಕೊಂಡರು. ಇದು ಸ್ಯಾಂಥೋಮಿನ ಪೋರ್ಚುಗೀಸ್ ಪಾದ್ರಿಗಳಿಗೆ ಹಿಡಿಸಲಿಲ್ಲ. ಈ ಕರಾವಳಿಯ ಕ್ಯಾಥೊಲಿಕರ ಉಸ್ತುವಾರಿ ತಮ್ಮದು ಅಂತ ಅವರ ವಾದ. 1649ರಲ್ಲಿ ಎಫ್ರೆಮ್ ಅವರನ್ನು ಹಿಡಿದು ಗೋವಾದ ಇಂಕ್ವಿಸಿಷನ್‌ಗೆ ಕಳಿಸಿಬಿಟ್ಟರು. ಅವರನ್ನು ಬಿಡಿಸಿಕೊಳ್ಳೋಕೆ ಓಡಾಡಿದವರು ಪ್ರೊಟೆಸ್ಟೆಂಟ್ ಇಂಗ್ಲಿಷರು! ಬಿಡುಗಡೆಯಾಗಿ ಬಂದ ಎಫ್ರೆಮ್ ಮದ್ರಾಸಿನಲ್ಲೇ ಕೆಲಸ ಮುಂದುವರಿಸಿದರು.

ಇಷ್ಟು ಒಳ್ಳೆ ಸಂಬಂಧ ಕೆಟ್ಟದ್ದು 1746ರಲ್ಲಿ. ಆ ವರ್ಷ ಲಾ ಬೂರ್ದೊನೆ ನಾಯಕತ್ವದಲ್ಲಿ ಫ್ರೆಂಚರು ಮದ್ರಾಸನ್ನೇ ಹಿಡಿದರು. ಅಕ್ಟೋಬರಿನಲ್ಲಿ ಆರ್ಕಾಟಿನ ನವಾಬನ ಮಗ ಮಹಫೂಜ್ ಖಾನ್ ದೊಡ್ಡ ಸೈನ್ಯ ತಗೊಂಡು ಅಡ್ಯಾರ್ ನದಿಯ ದಡದಲ್ಲಿ ನಿಂತ. ಫ್ರೆಂಚರ ಪಾರಾದಿ ಸುಮಾರು ಸಾವಿರ ಜನರನ್ನು ಕಟ್ಟಿಕೊಂಡು ನದಿ ದಾಟಿದ, ಅವರನ್ನು ಸ್ಯಾಂಥೋಮಿನ ಬೀದಿಗಳಲ್ಲೇ ಅಟ್ಟಿಸಿಕೊಂಡು ಹೋದ. ಕವಾಯತು ಕಲಿತ ಸಣ್ಣ ಪಡೆ ನವಾಬರ ದೊಡ್ಡ ಪಡೆಯನ್ನು ಸೋಲಿಸಬಹುದು ಅನ್ನೋ ಧೈರ್ಯ ಯೂರೋಪಿನವರಿಗೆ ಬಂದದ್ದು ಇಲ್ಲೇ.

ಒಪ್ಪಂದದ ಪ್ರಕಾರ 1749ರಲ್ಲಿ ಮದ್ರಾಸ್ ಇಂಗ್ಲಿಷರಿಗೆ ವಾಪಸ್ ಸಿಕ್ತು. ಆಗ ಶುರುವಾಯ್ತು ಲೆಕ್ಕ ಚುಕ್ತಾ ಮಾಡೋ ಕೆಲಸ. ಕ್ಯಾಥೊಲಿಕರು ಫ್ರೆಂಚರಿಗೆ ಸಹಾಯ ಮಾಡಿದರು ಅನ್ನೋ ಅನುಮಾನ. ಸ್ಯಾಂಥೋಮಿನಲ್ಲಿ ಅಧಿಕಾರ ನಡೆಸ್ತಿದ್ದ ನೊರೊನ್ಹ ಅನ್ನೋ ಪಾದ್ರಿ ಪುದುಚೇರಿಯ ಗವರ್ನರ್ ದ್ಯೂಪ್ಲೆ ಹೆಂಡತಿಯ ಕಡೆಯವರು. ಇಂಗ್ಲಿಷ್ ಅಡ್ಮಿರಲ್ ಬೊಸ್ಕವೆನ್ ಅವರನ್ನು ಹಿಡಿದು ಹಡಗು ಹತ್ತಿಸಿದ, ಸ್ಯಾಂಥೋಮನ್ನು ಕಂಪನಿಗೆ ಸೇರಿಸಿಕೊಂಡ. ಕೋಟೆಯೊಳಗಿನ ಕಪುಚಿನ್ ಚರ್ಚನ್ನು ಆಮೇಲೆ ಕೆಡವಿದರು. ಆಗಲೂ ಗುಂಡು ಹಾರ್ತಾ ಇರಲಿಲ್ಲ. ಕಾಗದದ ಮೇಲೆ ಒಂದು ಆಜ್ಞೆ, ಅಷ್ಟೇ.

ಕಪುಚಿನ್ನರ ಪರಂಪರೆ ಕೋಟೆಯ ಹೊರಗೆ, ಆರ್ಮೇನಿಯನ್ ಸ್ಟ್ರೀಟಿನಲ್ಲಿ ಮುಂದುವರೀತು. ಈಗ ಅಲ್ಲಿರೋದು ಸೇಂಟ್ ಮೇರೀಸ್ ಕೋ-ಕ್ಯಾಥೆಡ್ರಲ್. ತಮಿಳರ ಬಾಯಲ್ಲಿ ಆ ಬೀದಿ 'ಅರಣ್ಮನೈಕಾರನ್ ತೆರು'. ಆರ್ಮೇನಿಯನ್ ಹೋಗಿ ಅರಮನೆಯವನಾದ!

ಶ್ರೀರಂಗಪಟ್ಟಣದ ಕುದುರೆಗಳು

ನಮ್ಮ ಕಡೆಯವರ ಮಾತು ಹೇಳಿ ಮುಗಿಸ್ತೀನಿ ಅಂದಿದ್ದೆ. 1767ರಲ್ಲಿ ಹದಿಹರೆಯದ ಟಿಪ್ಪು ಮೈಸೂರಿನ ಕುದುರೆಪಡೆ ಜೊತೆ ಮದ್ರಾಸಿನ ಅಂಚಿನವರೆಗೂ ಬಂದು ಹೋದ. 1769ರಲ್ಲಿ ಹೈದರ್ ಅಲಿಯೇ ಬಂದು ಸೇಂಟ್ ಥಾಮಸ್ ಮೌಂಟಿನ ಹತ್ತಿರ ಬೀಡುಬಿಟ್ಟ. ಅದೇ ಸಂತ ತೋಮಾ ಹೆಸರಿನ ಬೆಟ್ಟ, ಈಗ ಏರ್‌ಪೋರ್ಟ್ ದಾರಿಯಲ್ಲಿ ಸಿಗುತ್ತೆ. ಕಂಪನಿಯ ಡ್ಯೂ ಪ್ರೆ ಮಾತುಕತೆಗೆ ಹೋದ, ಏಪ್ರಿಲ್‌ನಲ್ಲಿ ಮದ್ರಾಸ್ ಒಪ್ಪಂದ ಆಯ್ತು. ಕೋಟೆಯ ಗೋಡೆ ಹಿಂದೆ ಇದ್ದವರಿಗೆ ಸ್ವಲ್ಪ ನೆಮ್ಮದಿ. ಸ್ಯಾಂಥೋಮಿನವರಿಗೆ? ಅವರ ಗೋಡೆ ಯಾವತ್ತೋ ಹೋಗಿತ್ತು. ಹಿಂದಿನ ಯುದ್ಧದಲ್ಲಿ ಕಳೆದುಕೊಂಡದ್ದರ ಬೆಲೆ ಮುಂದಿನ ಯುದ್ಧದಲ್ಲಿ ಗೊತ್ತಾಗುತ್ತೆ.

ಕೊನೆಗೆ, 1893

ಹಳೇ ಕ್ಯಾಥೆಡ್ರಲ್ ಇಷ್ಟೆಲ್ಲ ನೋಡಿ ನಿಂತಿತ್ತು. 1893ರಲ್ಲಿ ಅದನ್ನು ಕೆಡವಿದವರು ಅದರದೇ ಜನ. ಕಟ್ಟಡ ಜೀರ್ಣವಾಗಿತ್ತು, ಹೊಸದು ಬೇಕಿತ್ತು. ಆಗಿನ ಬಿಷಪ್ ಪೋರ್ಚುಗೀಸರಾದ ರೀಡ್ ದ ಸಿಲ್ವ, ಕಟ್ಟಿದ ಎಂಜಿನಿಯರ್ ಬ್ರಿಟಿಷ್ ಸೇನೆಯ ಕ್ಯಾಪ್ಟನ್ ಪವರ್. 1896ರ ಏಪ್ರಿಲ್ 1ರಂದು ಪ್ರತಿಷ್ಠೆ ಆಯ್ತು. ಚೂಪು ಕಮಾನು, ಬಣ್ಣದ ಗಾಜು, ಎತ್ತರದ ಗೋಪುರ, ಎಲ್ಲ ಇಂಗ್ಲೆಂಡಿನ ಗಾಥಿಕ್ ಮಾದರಿ. ನಾವು ಇವತ್ತು ಫೋಟೋ ತೆಗೆದುಕೊಂಡು "ಐನೂರು ವರ್ಷದ ಚರ್ಚು" ಅಂತ ಹಾಕೋದು ನೂರ ಮೂವತ್ತು ವರ್ಷದ ಕಟ್ಟಡವನ್ನು. ಜಾಗ ಹಳೇದು, ಸಮಾಧಿ ಹಳೇದು, ಒಳಗಿರೋ ಮೈಲಾಪುರ ಮಾತೆಯ ಮರದ ವಿಗ್ರಹ ಹಳೇದು. ಗೋಡೆ ಹೊಸದು.

ಒಂದೇ ನಗರದಲ್ಲಿ ಎರಡು ಕ್ಯಾಥೊಲಿಕ್ ಪೀಠ ಇದ್ದ ಹಳೇ ಪೈಪೋಟಿ ಮುಗಿದದ್ದು 1952ರಲ್ಲಿ, ಮದ್ರಾಸ್ ಮತ್ತು ಮೈಲಾಪುರ ಎರಡನ್ನೂ ಸೇರಿಸಿ ಒಂದೇ ಮಹಾಧರ್ಮಪ್ರಾಂತ್ಯ ಮಾಡಿದಾಗ. ಸ್ಯಾಂಥೋಮ್ ಕ್ಯಾಥೆಡ್ರಲ್ ಆಗಿ ಉಳೀತು, ಆರ್ಮೇನಿಯನ್ ಸ್ಟ್ರೀಟಿನದು ಕೋ-ಕ್ಯಾಥೆಡ್ರಲ್ ಆಯ್ತು.

ಈಗ ನನ್ನ ತಪ್ಪಿಗೆ ವಾಪಸ್ ಬರ್ತೀನಿ. "ಯುದ್ಧದಲ್ಲಿ ಹಾಳಾಯ್ತು" ಅನ್ನೋದು ಸುಲಭದ ಮಾತು. ಯಾರ ಹೆಸರೂ ಹೇಳಬೇಕಾಗಿಲ್ಲ. ಬಿರುಗಾಳಿ ಬಂತು, ಮರ ಬಿತ್ತು ಅನ್ನೋ ಹಾಗೆ. ಆದರೆ ಇಲ್ಲಿ ಬಿದ್ದ ಒಂದೊಂದನ್ನೂ ಎಣಿಸಿ. ತೀರದ ದೇವಸ್ಥಾನಗಳು, ಸ್ಯಾಂಥೋಮಿನ ಕೋಟೆಗೋಡೆ, ಕೋಟೆಯೊಳಗಿನ ಕಪುಚಿನ್ ಚರ್ಚು, ಕೊನೆಗೆ ಹಳೇ ಕ್ಯಾಥೆಡ್ರಲ್. ಯಾವುದೂ ತೋಪಿನ ಗುಂಡಿಗೆ ಉರುಳಿದ್ದಲ್ಲ. ಯಾರೋ ಕೂತು ಮಾತಾಡಿ, ತೀರ್ಮಾನ ಮಾಡಿ, ಹಾರೆ ಗುದ್ದಲಿ ಕೊಟ್ಟು ಕಳಿಸಿದ್ದು. ಕೆಲವು ತೀರ್ಮಾನ ದ್ವೇಷದ್ದು, ಕೆಲವು ಭಯದ್ದು, ಕೊನೆಯದು ಭಕ್ತಿಯದು.

ಹಾಗಾಗಿ ನನ್ನ ಆ ಎರಡು ವಾಕ್ಯವನ್ನು ಹೀಗೆ ಓದಿಕೊಳ್ಳಿ: ಯುದ್ಧ ಸ್ಯಾಂಥೋಮಿನ ಪಟ್ಟಣವನ್ನು ತಗೊಂಡಿತು, ಚರ್ಚನ್ನು ಬಿಟ್ಟಿತು. ಚರ್ಚನ್ನು ಕೆಡವಿದ್ದು ಹೊಸ ಚರ್ಚಿನ ಆಸೆ.

ಮುಂದಿನ ಸಲ ಚೆನ್ನೈಗೆ ಹೋದಾಗ ಕ್ಯಾಥೆಡ್ರಲ್ ನೋಡಿ, ಹಾಗೇ ನಡೆದುಕೊಂಡು ಕಪಾಲೀಶ್ವರನನ್ನೂ ನೋಡಿ ಬನ್ನಿ. ಎರಡೂ ಹತ್ತಿರದಲ್ಲೇ ಇವೆ. ಎರಡರದೂ ಹಳೇ ಗೋಡೆ ಈಗಿಲ್ಲ.